ಐನೂರು ಡಾಲರಿನ ಏಳನೇ ನಂಬರ್ ಜೆರ್ಸಿ

ಹಳೆಯ ಐಸ್ ಹಾಕಿ ಜೆರ್ಸಿಗಳನ್ನು ಸಂಗ್ರಹಿಸುವವರಿಗೆ ಹೊಚ್ಚ ಹೊಸದು ಬೇಡ. ಆಟಗಾರ ಮೈಮೇಲೆ ಹಾಕಿಕೊಂಡು ಆಡಿದ್ದೇ ಬೇಕು. ಹರಿದಲ್ಲಿ ಹಾಕಿದ ಹೊಲಿಗೆ, ತೇಪೆ, ಕಲೆ ಎಲ್ಲವನ್ನೂ ಅಂದಿನ ಫೋಟೊಗಳ ಜತೆ ಹೋಲಿಸಿ ಅಸಲಿಯೇ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. (ಆ ಲೆಕ್ಕದಲ್ಲಿ ವರ್ಕ್‌ಶಾಪ್ ಲ್ಯಾಬಿನ ನನ್ನ ಖಾಕಿ ಕೋಟಿಗೂ ಒಳ್ಳೆಯ ಬೆಲೆ ಬರಬೇಕು!) ಈ ಹವ್ಯಾಸದ ಬಗ್ಗೆ ಓದುತ್ತಿದ್ದಾಗ ನನಗೆ ಸಿಕ್ಕವನು ಹೋವಿ ಮೊರೆಂಜ್.

1902ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಮಿಚೆಲ್ ಎಂಬ ಊರಿನಲ್ಲಿ ಹುಟ್ಟಿದ. ಸ್ಟ್ರಾಟ್‌ಫರ್ಡ್‌ನ ರೈಲ್ವೆ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದ. ರೈಲ್ವೆ ತಂಡದ ಪರ ಮಾಂಟ್ರಿಯಲ್‌ಗೆ ಹೋಗಿ ಒಂದೇ ಪಂದ್ಯದಲ್ಲಿ ಒಂಬತ್ತು ಗೋಲು ಹೊಡೆದ! 1923ರಲ್ಲಿ ಮಾಂಟ್ರಿಯಲ್ ಕೆನಡಿಯನ್ಸ್ ತಂಡ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿತು. ಆಮೇಲೆ ಹುಡುಗನಿಗೆ ಅಳುಕು ಶುರುವಾಯಿತು. ಮನೆ, ಕೆಲಸ ಬಿಟ್ಟು ಬರಲಾರೆ ಎಂದು ಬರೆದು ಚೆಕ್ಕನ್ನೇ ವಾಪಸ್ ಕಳಿಸಿದ. ಆಫರ್ ಲೆಟರ್‌ಗಾಗಿ ದಿನಾ ಇಮೇಲ್ ತೆರೆದು ನೋಡುವ ನಮಗೆ ಇದು ವಿಚಿತ್ರ ಅನ್ನಿಸಬಹುದು. ಆದರೆ ಊರು ಬಿಡುವ ಹಿಂದಿನ ರಾತ್ರಿಯ ಹೊಟ್ಟೆಯ ಸಂಕಟ ಹಾಸ್ಟೆಲ್‌ನಲ್ಲಿರುವ ಯಾರಿಗೆ ಗೊತ್ತಿಲ್ಲ? ತಂಡದ ಮಾಲೀಕರು ಒಪ್ಪಲಿಲ್ಲ. ಮೊರೆಂಜ್ ಹೋಗಲೇಬೇಕಾಯಿತು.

ಏಳನೇ ನಂಬರಿನ ಜೆರ್ಸಿ ತೊಟ್ಟು ಮೂರು ಸಲ ಸ್ಟಾನ್ಲಿ ಕಪ್ ಗೆದ್ದ. ಲೀಗ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯೂ ಮೂರು ಸಲ ಬಂತು. 1929-30ರಲ್ಲಿ 44 ಪಂದ್ಯಗಳಲ್ಲಿ 40 ಗೋಲು. ವೇಗ ಕುಂದಿದಾಗ, 1934ರಲ್ಲಿ, ಅದೇ ತಂಡ ಆತನನ್ನು ಶಿಕಾಗೊಗೆ ಕೊಟ್ಟುಬಿಟ್ಟಿತು. ಅಲ್ಲಿಂದ ನ್ಯೂಯಾರ್ಕ್. 1936ರಲ್ಲಿ ಮತ್ತೆ ಮಾಂಟ್ರಿಯಲ್, ಮತ್ತೆ ಅದೇ ಏಳು.

1937ರ ಜನವರಿ 28ರಂದು ಪಕ್ ಬೆನ್ನಟ್ಟಿ ಮೂಲೆಗೆ ನುಗ್ಗಿದವನು ಬಿದ್ದ. ಸ್ಕೇಟಿನ ಅಲಗು ಅಂಚಿನ ಹಲಗೆಗೆ ಕಚ್ಚಿಕೊಂಡಿತು, ಎದುರಾಳಿ ಮೇಲೆ ಬಿದ್ದ, ಕಾಲು ಮುರಿಯಿತು. ಮಾರ್ಚ್ 8ರಂದು ಆಸ್ಪತ್ರೆಯಲ್ಲೇ ತೀರಿಕೊಂಡ. ಆಗ ಆತನಿಗೆ 34 ವರ್ಷ. ತಾನು ಆಡುತ್ತಿದ್ದ ಫೋರಂ ಕ್ರೀಡಾಂಗಣದಲ್ಲೇ ಅಂತ್ಯಕ್ರಿಯೆಯ ವಿಧಿ ನಡೆಯಿತು. ಸಾವಿರಾರು ಜನ ಸಾಲುಗಟ್ಟಿ ಬಂದರು.

ಆ ನವೆಂಬರ್ 2ರಂದು ಆತನ ಕುಟುಂಬದ ನೆರವಿಗಾಗಿ ಒಂದು ಪಂದ್ಯ ಆಡಿಸಿದರು. ಅಲ್ಲಿ ಮೊರೆಂಜ್ ತೊಟ್ಟು ಆಡಿದ ಜೆರ್ಸಿ ಹರಾಜಿಗೆ ಬಂತು. ತಂಡದ ಹಿಂದಿನ ಮಾಲೀಕರಲ್ಲೊಬ್ಬರಾದ ಜೋಸೆಫ್ ಕಟಾರಿನಿಚ್ ಅದನ್ನು 500 ಡಾಲರಿಗೆ ಕೂಗಿದರು. ಗಾಜಿನ ಕಪಾಟಿನಲ್ಲಿಟ್ಟು ಮೆರೆಯಬಹುದಾಗಿತ್ತು. ಹಾಗೆ ಮಾಡದೆ, ಅಪ್ಪನ ಹೆಸರನ್ನೇ ಹೊತ್ತಿದ್ದ ಪುಟ್ಟ ಹೋವಿಯ ಕೈಗೆ ಕೊಟ್ಟುಬಿಟ್ಟರು.