ತನ್ನ ಹೆಸರನ್ನು ಹೊರಿಸದ ಮಾಂಟ್‌ಗೊಮರಿ
ಕಾರಾಕೋರಂ ಪರ್ವತಶ್ರೇಣಿಯ ಮಾತು ಬಂದಾಗ ನಾವು ನೆನೆಯಬೇಕಾದವನು ಥಾಮಸ್ ಜಾರ್ಜ್ ಮಾಂಟ್‌ಗೊಮರಿ. 1830ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದ ಈತನು ಸೈನ್ಯದ ಎಂಜಿನಿಯರನಾಗಿ ಭಾರತಕ್ಕೆ ಬಂದು, ಕಾಶ್ಮೀರದ ಮೋಜಣಿಯ ಹೊಣೆ ಹೊತ್ತನು. 1856ರಲ್ಲಿ ಹರಮುಖ ಪರ್ವತದ ಮೇಲೆ ನಿಂತು, ಸುಮಾರು 200 ಕಿಲೋಮೀಟರ್ ದೂರದಲ್ಲಿ ಎರಡು ಉನ್ನತ ಶಿಖರಗಳನ್ನು ಕಂಡನು. ಶ್ರೇಣಿಯ ಹೆಸರಿನ ಇಂಗ್ಲಿಷ್ ಮೊದಲಕ್ಷರವನ್ನು ಹಿಡಿದು ಕೆ-1, ಕೆ-2 ಎಂದು ಗುರುತು ಹಾಕಿಕೊಂಡನು. ಸ್ಥಳೀಯರ ಹೆಸರು ದೊರೆತರೆ ಅದನ್ನೇ ಉಳಿಸುವುದು ಮೋಜಣಿಯವರ ಪದ್ಧತಿ. ಕೆ-1 ಅಂತೆಯೇ ಮಶರ್‌ಬ್ರಮ್ ಆಯಿತು. ಊರುಗಳ ಕಣ್ಣಿಗೆ ಬೀಳದೆ ಹಿಮನದಿಗಳಾಚೆ ಅಡಗಿದ್ದ ಕೆ-2ಕ್ಕೆ ಬಳಕೆಯ ಹೆಸರು ಸಿಕ್ಕಲಿಲ್ಲ. 8,611 ಮೀಟರ್ ಎತ್ತರದ ಆ ಶಿಖರ, ಜಗತ್ತಿನಲ್ಲಿ ಎರಡನೆಯದು, ಇಂದಿಗೂ ಆ ಗುರುತಿನಿಂದಲೇ ಪ್ರಸಿದ್ಧ. 1865ರಲ್ಲಿ ಅತ್ಯುನ್ನತ ಶಿಖರಕ್ಕೆ ಎವರೆಸ್ಟ್ ಎಂಬ ಅಧಿಕಾರಿಯ ಹೆಸರು ಅಂಟಿತು. ಮಾಂಟ್‌ಗೊಮರಿಯಾದರೋ ತಾನು ಕಂಡ ಶಿಖರಕ್ಕೆ ತನ್ನ ಹೆಸರನ್ನು ಹೊರಿಸದೆ 1878ರಲ್ಲಿ ತೀರಿಕೊಂಡನು. ಆ ಸಂಯಮವೇ ಅವನ ಕೀರ್ತಿಯೆಂದು ನಾವು ಭಾವಿಸುತ್ತೇವೆ.