ಜೇನುಪೆಟ್ಟಿಗೆಯ ಪಾದ್ರಿ ಲ್ಯಾಂಗ್‌ಸ್ಟ್ರಾತ್

ನಮ್ಮ ಸಂಘದ ರಜತ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಲೇಬೇಕೆಂದು ಕಾರ್ಯದರ್ಶಿಯವರು ಒತ್ತಾಯ ಮಾಡಿದರು. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ತೋಟಕ್ಕೆ ಇಳಿದವರು, ಬರವಣಿಗೆಯ ಅಭ್ಯಾಸ ಇಲ್ಲ. ಆದರೆ ಜೇನಿನ ವಿಷಯ ಎಂದರೆ ಸುಮ್ಮನಿರಲು ಆಗುವುದಿಲ್ಲ. ಸದಸ್ಯ ಬಾಂಧವರಲ್ಲಿ ಎಷ್ಟೋ ಮಂದಿಯ ಅಂಗಳದಲ್ಲಿ ತುಡುವೆ ಪೆಟ್ಟಿಗೆ ಇದೆ. ಮುಚ್ಚಳ ತೆಗೆದು ಒಂದೊಂದೇ ಚೌಕಟ್ಟನ್ನು ಮೇಲೆತ್ತಿ ನೋಡುತ್ತೇವಲ್ಲ, ಈ ಅನುಕೂಲ ಮಾಡಿಕೊಟ್ಟ ಮಹನೀಯರು ಯಾರು ಎಂದು ನಮ್ಮಲ್ಲಿ ಕೇಳಿದವರು ಕಡಿಮೆ. ಅವರ ಹೆಸರು ಲೊರೆಂಜೊ ಲೊರೈನ್ ಲ್ಯಾಂಗ್‌ಸ್ಟ್ರಾತ್. ಅಮೆರಿಕ ದೇಶದವರು, ವೃತ್ತಿಯಲ್ಲಿ ಪಾದ್ರಿ.

ಇವರು ಹುಟ್ಟಿದ್ದು 1810ರ ಡಿಸೆಂಬರ್ 25ರಂದು, ಫಿಲಡೆಲ್ಫಿಯಾ ಪಟ್ಟಣದಲ್ಲಿ. ಚಿಕ್ಕವರಿದ್ದಾಗ ಇರುವೆಗಳನ್ನು ನೋಡುತ್ತಾ ನೆಲದ ಮೇಲೆ ಮಂಡಿಯೂರಿ ಕೂತು ಚಡ್ಡಿಯ ಮಂಡಿಯನ್ನೇ ಹರಿದುಕೊಳ್ಳುತ್ತಿದ್ದರಂತೆ. ಅದಕ್ಕೆ ಮನೆಯಲ್ಲಿ ಶಿಕ್ಷೆಯೂ ಆಗುತ್ತಿತ್ತು. 1831ರಲ್ಲಿ ಯೇಲ್ ವಿದ್ಯಾಲಯದಲ್ಲಿ ಪದವಿ ಪಡೆದು ಮುಂದೆ ಆಂಡೋವರ್ ಎಂಬಲ್ಲಿ ಪಾದ್ರಿಯಾದರು. 1838ರಲ್ಲಿ ಒಬ್ಬ ಸ್ನೇಹಿತರ ಮನೆಗೆ ಹೋದಾಗ ಮೇಜಿನ ಮೇಲೆ ಗಾಜಿನ ಪಾತ್ರೆಯಲ್ಲಿ ಇಟ್ಟಿದ್ದ ಜೇನು ಎರಿ ಕಣ್ಣಿಗೆ ಬಿತ್ತು. ಅಷ್ಟೇ ಸಾಕಾಯಿತು. ಅದೇ ದಿನ ಮನೆಗೆ ಹೋಗುವ ಮೊದಲೇ ಎರಡು ಕುಟುಂಬ ಜೇನು ಕೊಂಡುಬಿಟ್ಟರು. ಈ ಹುಚ್ಚು ಹಿಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಆ ಕಾಲದ ಜೇನು ಸಾಕಣೆ ಹೇಗಿತ್ತು ಎಂದರೆ, ಹುಲ್ಲಿನ ಬುಟ್ಟಿ, ಟೊಳ್ಳು ಮರ, ಇಲ್ಲವೇ ಬರೀ ಹಲಗೆಯ ಡಬ್ಬ. ಎರಿಗಳು ಗೋಡೆಗೆ ಅಂಟಿಕೊಂಡೇ ಇರುತ್ತಿದ್ದವು. ಜೇನು ಬೇಕಾದರೆ ಗಂಧಕದ ಹೊಗೆ ಹಾಕಿ ಇಡೀ ಕುಟುಂಬವನ್ನೇ ಕೊಂದು ಎರಿ ಕೀಳುತ್ತಿದ್ದರು. ನಮ್ಮಲ್ಲಿಯೂ ಹಿಂದೆ ಮಡಿಕೆಯಲ್ಲಿ ಸಾಕಿ, ಎರಿಯನ್ನು ಮರಿ ಸಮೇತ ಕೈಯಲ್ಲಿ ಹಿಂಡುತ್ತಿದ್ದದ್ದು ಹಿರಿಯರಿಗೆ ಗೊತ್ತು. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಹ್ಯೂಬರ್ ಎಂಬ ಅಂಧ ವಿದ್ವಾಂಸರು ಪುಸ್ತಕದ ಹಾಳೆ ಮಗುಚಿದಂತೆ ತೆರೆಯುವ ಪೆಟ್ಟಿಗೆ ಮಾಡಿಸಿ, ಸೇವಕನ ಕಣ್ಣಿನಿಂದ ಜೇನಿನ ಎಷ್ಟೋ ಗುಟ್ಟುಗಳನ್ನು ತಿಳಿದು 1792ರಲ್ಲಿ ಪುಸ್ತಕ ಬರೆದಿದ್ದರು. ಲ್ಯಾಂಗ್‌ಸ್ಟ್ರಾತ್ ಅದನ್ನು ಓದಿದರು. ಆದರೆ ಆ ಪೆಟ್ಟಿಗೆ ನೋಡುವುದಕ್ಕೆ ಸರಿ, ರೈತನ ಕೆಲಸಕ್ಕೆ ಒಗ್ಗುವಂಥದ್ದಲ್ಲ.

ಇವರು ಮೊದಲು ಮೇಲ್ಪಟ್ಟಿ ಇರುವ ಪೆಟ್ಟಿಗೆ ಬಳಸಿದರು. ಮುಚ್ಚಳ ಪ್ರತಿ ಸಲವೂ ಅಂಟಿಕೊಳ್ಳುತ್ತಿತ್ತು. ಪಟ್ಟಿಗೂ ಮುಚ್ಚಳಕ್ಕೂ ನಡುವೆ ಒಂದು ಇಂಚಿನ ಎಂಟರಲ್ಲಿ ಮೂರು ಭಾಗ, ಅಂದರೆ ಸುಮಾರು ಒಂಬತ್ತೂವರೆ ಮಿಲಿಮೀಟರ್ ಜಾಗ ಬಿಟ್ಟಾಗ ಮುಚ್ಚಳ ಸಲೀಸಾಗಿ ಬಂತು. ಆದರೆ ಎರಿಯ ಪಕ್ಕಗಳು ಗೋಡೆಗೆ ಅಂಟುವುದು ತಪ್ಪಲಿಲ್ಲ, ಪ್ರತಿಬಾರಿ ಚಾಕುವಿನಿಂದ ಕೊಯ್ಯಬೇಕು. 1851ರ ಅಕ್ಟೋಬರ್‌ನಲ್ಲಿ ಒಂದು ಸಂಜೆ ಜೇನು ತೋಟದಿಂದ ಮನೆಗೆ ಬರುವಾಗ ಹೊಳೆಯಿತಂತೆ: ಮೇಲೆ ಬಿಟ್ಟ ಅದೇ ಜಾಗವನ್ನು ಸುತ್ತಲೂ ಏಕೆ ಬಿಡಬಾರದು? ನಾಲ್ಕು ಕಡೆ ಮರದ ಚೌಕಟ್ಟು, ಅದು ಗೋಡೆಗೆ ತಾಗದಂತೆ ತೂಗಬೇಕು. ಜಾಗ ತೀರಾ ಕಡಿಮೆಯಾದರೆ ಹುಳ ಅಂಟು ಮೆತ್ತಿ ಮುಚ್ಚುತ್ತದೆ, ಜಾಸ್ತಿಯಾದರೆ ಅಡ್ಡ ಎರಿ ಕಟ್ಟುತ್ತದೆ. ನಡುವಿನ ಆ ಅಳತೆಯಲ್ಲಿ ಓಡಾಡುವ ದಾರಿ ಎಂದು ಹಾಗೆಯೇ ಬಿಟ್ಟುಬಿಡುತ್ತದೆ. ಆ ಜಾಗ ಜೇನಿಗೆ ಮೊದಲಿನಿಂದಲೂ ಗೊತ್ತಿತ್ತು. ಪೆಟ್ಟಿಗೆಯ ಎಲ್ಲಾ ಕಡೆಗೂ ಅದನ್ನು ಅನ್ವಯಿಸಿದ್ದು ಇವರ ಹೆಚ್ಚುಗಾರಿಕೆ.

ಇದರ ಬೆಲೆ ನಮಗೆ ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ಮೊದಲ ಸಲ ನಾವು ಹನ್ನೆರಡು ಪೆಟ್ಟಿಗೆ ಮಾಡಿಸಿದಾಗ, ಬಡಗಿಗೆ ಹಳೆಯ ಪೆಟ್ಟಿಗೆಯೊಂದನ್ನು ತೋರಿಸಿ ಇದರ ಹಾಗೆ ಮಾಡು ಎಂದು ಹೇಳಿ ಮನೆಗೆ ಬಂದೆವು. ಅವನು ಮರ ಉಬ್ಬುತ್ತದೆ ಎಂದು ಧಾರಾಳವಾಗಿ ಅರ್ಧ ಇಂಚಿಗಿಂತ ಹೆಚ್ಚು ಬಿಟ್ಟ. ಎರಡೇ ತಿಂಗಳಲ್ಲಿ ಚೌಕಟ್ಟುಗಳೆಲ್ಲ ಗೋಡೆಗೆ ಸೇರಿ ಒಂದೇ ಗಂಟಾದವು. ಒಂದನ್ನು ಎತ್ತಲು ಹೋಗಿ ರಾಣಿಯೇ ನಮ್ಮ ಕೈಯಲ್ಲಿ ಸತ್ತಿತು. ತಪ್ಪು ಬಡಗಿಯದ್ದಲ್ಲ, ಅಳತೆ ಕೊಡದ ನಮ್ಮದೇ. ನಮ್ಮ ತುಡುವೆ ಇನ್ನೂ ಸಣ್ಣ ಹುಳ, ಅದಕ್ಕೆ ಬಿಡುವ ಜಾಗ ಅವರ ಜೇನಿಗಿಂತ ಸ್ವಲ್ಪ ಕಡಿಮೆಯೇ ಇರಬೇಕು.

ಚೌಕಟ್ಟು ಹೊರಗೆ ಬಂದದ್ದರಿಂದ ಆದ ದೊಡ್ಡ ಲಾಭ ಜೇನಿಗಿಂತ ರಾಣಿಯ ವಿಷಯದಲ್ಲಿ ಎಂದು ನಮ್ಮ ಅಭಿಪ್ರಾಯ. ರಾಣಿ ಇದೆಯೋ ಇಲ್ಲವೋ, ಮೊಟ್ಟೆ ಸರಿಯಾಗಿ ಇಡುತ್ತಿದೆಯೋ, ಗಂಡು ನೊಣವೇ ಹೆಚ್ಚಾಗುತ್ತಿದೆಯೋ, ಎಲ್ಲಾ ಕಣ್ಣಾರೆ ನೋಡಬಹುದು. ಎರಿಯ ಅಂಚಿನಲ್ಲಿ ರಾಣಿ ಕೋಶ ಇಳಿದಿದ್ದರೆ ಕುಟುಂಬ ಹಾರಿಹೋಗುವ ಮೊದಲೇ ಪಾಲು ಮಾಡಬಹುದು. ರಾಣಿ ಸತ್ತ ಪೆಟ್ಟಿಗೆಗೆ ಪಕ್ಕದ ಪೆಟ್ಟಿಗೆಯಿಂದ ಹೊಸ ಮೊಟ್ಟೆ ಇರುವ ಒಂದು ಚೌಕಟ್ಟು ಕೊಟ್ಟರೆ ಹದಿನಾರು ದಿನದ ಆಸುಪಾಸಿನಲ್ಲಿ ಹೊಸ ರಾಣಿ ಹೊರಬರುತ್ತದೆ. ನಮ್ಮ ಕೈಯಲ್ಲಿ ಸತ್ತ ಆ ರಾಣಿಯ ಕುಟುಂಬವನ್ನೂ ಹೀಗೆಯೇ ಉಳಿಸಿಕೊಂಡೆವು.

ಪೆಟ್ಟಿಗೆಗೆ 1852ರ ಅಕ್ಟೋಬರ್ 5ರಂದು ಸರಕಾರದ ಹಕ್ಕುಪತ್ರ ಸಿಕ್ಕಿತು. ಮರುವರ್ಷ ಪುಸ್ತಕ ಬಂತು. ಅದರ ಹಸ್ತಪ್ರತಿಯನ್ನು ಮುದ್ರಣಕ್ಕಾಗಿ ಶುದ್ಧವಾಗಿ ಬರೆದುಕೊಟ್ಟವರು ಪತ್ನಿ ಆನ್ ಅವರು. ಹೆಸರು ಎಲ್ಲಾ ಕಡೆ ಹರಡಿತು, ಹಣ ಮಾತ್ರ ಬರಲಿಲ್ಲ. ಪೆಟ್ಟಿಗೆ ನೋಡಿದವರೆಲ್ಲ ಒಂದೆರಡು ಮೊಳೆ ಬದಲಿಸಿ ತಮ್ಮದೇ ಎಂದು ಮಾರತೊಡಗಿದರು. ಕೋರ್ಟು ಹತ್ತಿದರು, ಅದರಲ್ಲಿ ಕೈಯಲ್ಲಿದ್ದ ಹಣವೂ ಹೋಯಿತು. ಬೆಳೆದವನಿಗೆ ಸಿಗದೆ ನಡುವಿನವರಿಗೆ ಸಿಗುವುದು ಎಲ್ಲಾ ದೇಶದಲ್ಲೂ ಇದೆ ಎಂದು ಇದನ್ನು ಓದುವಾಗ ನಮಗೆ ಅನಿಸಿತು.

ಇದಕ್ಕಿಂತ ಕಷ್ಟದ್ದು ಅವರ ಕಾಯಿಲೆ. ಪ್ರಾಯದಿಂದಲೇ ಮನಸ್ಸು ಕುಸಿಯುವ ರೋಗ. ಬಂದರೆ ತಿಂಗಳುಗಟ್ಟಲೆ ಏನೂ ಬೇಡ, ಜೇನಿನ ಶಬ್ದವೂ ಬೇಡ. ಅದು ಬಿಟ್ಟಾಗ ಮತ್ತೆ ಎದ್ದು ಕೆಲಸಕ್ಕೆ ನಿಲ್ಲುತ್ತಿದ್ದರು. ಪಾದ್ರಿ ಕೆಲಸವನ್ನೂ ಇದೇ ಕಾರಣಕ್ಕೆ ಬಿಡಬೇಕಾಯಿತು. 1858ರಲ್ಲಿ ಒಹಾಯೊ ರಾಜ್ಯದ ಆಕ್ಸ್‌ಫರ್ಡ್ ಎಂಬ ಊರಿಗೆ ಬಂದು ಹತ್ತು ಎಕರೆಯಲ್ಲಿ ಜೇನಿಗೆ ಬೇಕಾದ ಮರ ಗಿಡ ಬೆಳೆಸಿದರು. ಇಟಲಿ ಜಾತಿಯ ರಾಣಿಗಳನ್ನು ತರಿಸಿ, ಮಗ ಜೇಮ್ಸ್ ಜೊತೆ ಸೇರಿ ಮರಿ ಮಾಡಿ ಮಾರಿದರು. 1870ರಲ್ಲಿ ಆ ಮಗ ತೀರಿಹೋದ. 1873ರಲ್ಲಿ ಪತ್ನಿಯೂ ಹೋದರು. ಆಮೇಲೆ ಜೇನು ತೋಟ ನಡೆಸುವ ಶಕ್ತಿ ಅವರಿಗೆ ಉಳಿಯಲಿಲ್ಲ. ಪುಸ್ತಕವನ್ನು ತಿದ್ದಿ ಹೊಸದು ಮಾಡಬೇಕೆಂದರೂ ಆಗಲಿಲ್ಲ. ಫ್ರಾನ್ಸಿನಿಂದ ಬಂದು ನೆಲೆಸಿದ್ದ ಡಾಡಂಟ್ ಎಂಬ ಜೇನು ಕೃಷಿಕರ ಮನೆಯವರು ಆ ಕೆಲಸ ವಹಿಸಿಕೊಂಡು 1889ರಲ್ಲಿ ಹೊರತಂದರು.

ನಮ್ಮ ಕಡೆಗೆ ಈ ವಿದ್ಯೆ ಬಂದದ್ದೂ ಒಬ್ಬ ಪಾದ್ರಿಯಿಂದಲೇ. ತಮಿಳುನಾಡಿನ ಕಡೆ ಫಾದರ್ ನ್ಯೂಟನ್ ಎಂಬವರು 1911ರಿಂದ 1917ರ ತನಕ ಜನರಿಗೆ ತರಬೇತಿ ಕೊಟ್ಟು, ತುಡುವೆಗೆ ಹೊಂದುವ ಏಳು ಚೌಕಟ್ಟಿನ ಸಣ್ಣ ಪೆಟ್ಟಿಗೆ ಮಾಡಿದರು. ಅದೇ ನ್ಯೂಟನ್ ಪೆಟ್ಟಿಗೆ. ಕೊಡಗಿನ ವಿರಾಜಪೇಟೆಯಲ್ಲಿ 1936ರಲ್ಲೇ ಜೇನು ಮತ್ತು ಮೇಣದ ಸಹಕಾರ ಸಂಘ ಹುಟ್ಟಿತ್ತು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ತುಡುವೆ ಹುಳ ಚೀಲದ ಹಾಗೆ ನೀರು ತುಂಬಿ ಸತ್ತಾಗ ನಾವು ಶಾಲೆಗೆ ಹೋಗುವ ಹುಡುಗರು. ತಂದೆಯವರ ಪೆಟ್ಟಿಗೆಗಳೆಲ್ಲ ಖಾಲಿಯಾಗಿ ಅಟ್ಟ ಸೇರಿದವು. ಅವರು ಮತ್ತೆ ಜೇನು ಸಾಕಲಿಲ್ಲ. ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸಿದರೆ ರೋಗದ ಸರಪಳಿ ಕಡಿಯಬಹುದು ಎಂಬುದು ಆಗ ನಮ್ಮೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಲ್ಯಾಂಗ್‌ಸ್ಟ್ರಾತ್ ಅವರು 1895ರ ಅಕ್ಟೋಬರ್ 6ರಂದು, ಭಾನುವಾರ, ಡೇಟನ್ ಪಟ್ಟಣದ ಚರ್ಚಿನಲ್ಲಿ ಪ್ರವಚನ ಶುರು ಮಾಡಿದಲ್ಲೇ ಕುಸಿದು ಪ್ರಾಣ ಬಿಟ್ಟರು. ಆಗ ಎಂಬತ್ತನಾಲ್ಕು ವರ್ಷ. ಆಕ್ಸ್‌ಫರ್ಡಿನ ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ.

ತಂದೆಯವರ ಅಟ್ಟದ ಪೆಟ್ಟಿಗೆಗಳಲ್ಲಿ ಗೆದ್ದಲು ತಿನ್ನದೆ ಉಳಿದದ್ದು ಒಂದೇ. ಅದರ ಅಳತೆ ತೆಗೆದು ಒಂದು ಮರದ ಪಟ್ಟಿ ಮಾಡಿ ಸಂಘದ ಗೋದಾಮಿನ ಬಾಗಿಲ ಹಿಂದೆ ತೂಗುಹಾಕಿದ್ದೇವೆ. ಪೆಟ್ಟಿಗೆ ಮಾಡಿಸುವ ಸದಸ್ಯರು ಅದನ್ನು ಬಡಗಿಯ ಹತ್ತಿರ ಒಯ್ಯಬಹುದು, ಕೆಲಸ ಆದ ಮೇಲೆ ವಾಪಸು ತಂದು ಅಲ್ಲೇ ತೂಗುಹಾಕಬೇಕು.