ಭೀತಿಯ ಕಥೆಗಾರ ಎಡ್ಗರ್ ಅಲನ್ ಪೋ

ರಾತ್ರಿ ಹೋಟೆಲಿನ ಬಾಗಿಲು ಹಾಕಿದ ಮೇಲೆ ದೆವ್ವದ ಕಥೆ ಹೇಳಿಕೊಂಡು ಮಲಗುವ ಅಭ್ಯಾಸವು ಅಹಮದಾಬಾದು, ಬಡೋದೆ, ಸೂರತ್ತುಗಳಲ್ಲಿರುವ ನಮ್ಮ ಹುಡುಗರಿಗೆ ಹೊಸದಲ್ಲ. ದೆವ್ವಕ್ಕಿಂತ ಹೆಚ್ಚಾಗಿ ಮನುಷ್ಯನ ಮನಸ್ಸನ್ನೇ ತೋರಿಸಿ ಓದುಗರನ್ನು ನಡುಗಿಸಿದವನು ಅಮೆರಿಕದ ಎಡ್ಗರ್ ಅಲನ್ ಪೋ.

ಆತನು 1809ರ ಜನವರಿ 19ರಂದು ಬಾಸ್ಟನ್ ನಗರದಲ್ಲಿ ಜನಿಸಿದನು. ತಂದೆತಾಯಿಗಳು ನಾಟಕದವರು. ತಂದೆ ಮನೆ ಬಿಟ್ಟು ಹೋದನು. ತಾಯಿ 1811ರಲ್ಲಿ ತೀರಿಕೊಂಡಳು. ರಿಚ್ಮಂಡಿನ ವರ್ತಕ ಜಾನ್ ಅಲನ್ ತಬ್ಬಲಿಯನ್ನು ಸಾಕಿದನಾದರೂ ದತ್ತು ತೆಗೆದುಕೊಳ್ಳಲಿಲ್ಲ. ಸಾಯುವಾಗ ಕಾಸನ್ನೂ ಬಿಡಲಿಲ್ಲ. ಜೂಜಿನ ಸಾಲ, ಸೈನ್ಯದ ಚಾಕರಿ ಮೊದಲಾದುವನ್ನು ನಾವು ಇಲ್ಲಿ ಬೆಳೆಸುವುದಿಲ್ಲ.

ಪೋ ಹೊಟ್ಟೆ ಹೊರೆದುದು ಪರರ ಪತ್ರಿಕೆಗಳಲ್ಲಿ ದುಡಿದು. ಫಿಲಡೆಲ್ಫಿಯಾದ ಮಾಸಪತ್ರಿಕೆಯೊಂದರಲ್ಲಿ ವರ್ಷಕ್ಕೆ 800 ಡಾಲರ್ ಸಂಬಳದ ಸಂಪಾದಕನಾಗಿದ್ದಾಗ, 1841ರಲ್ಲಿ, ಆತನು ಬರೆದ ಕೊಲೆಯ ಕಥೆಯೇ ಆಧುನಿಕ ಪತ್ತೇದಾರಿ ಸಾಹಿತ್ಯಕ್ಕೆ ಮೊದಲು. ಷರ್ಲಾಕ್ ಹೋಮ್ಸನೂ, ನಮ್ಮ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನೂ ಆ ವಂಶದವರೇ. 1843ರ ಇನ್ನೊಂದು ಕಥೆಯಲ್ಲಿ ಕೊಲೆಗಾರನು ಹೆಣವನ್ನು ನೆಲದ ಹಲಗೆಗಳ ಕೆಳಗೆ ಬಚ್ಚಿಡುತ್ತಾನೆ. ಪೋಲೀಸರು ಸಂಶಯಪಡದೆ ಹರಟುತ್ತ ಕುಳಿತಿರಲು, ಸತ್ತವನ ಎದೆ ಬಡಿಯುವುದು ತನಗೆ ಕೇಳಿಸಿತೆಂದು ಅವನೇ ಅಪರಾಧವನ್ನು ಒಪ್ಪಿಬಿಡುತ್ತಾನೆ. ನಮಗೆ ಆ ಕಥೆ ಓದಿದ ರಾತ್ರಿ ನಿದ್ದೆ ಬರಲಿಲ್ಲ.

1845ರಲ್ಲಿ ಕಾಗೆ ಜಾತಿಯ ಹಕ್ಕಿಯೊಂದನ್ನು ಕುರಿತ ಕವನದಿಂದ ದೇಶಕ್ಕೆಲ್ಲ ಹೆಸರಾಯಿತು, ಹಣವಾಗಲಿಲ್ಲ. ಅದೇ ವರ್ಷ ಸಾಲ ಮಾಡಿ ನ್ಯೂಯಾರ್ಕಿನ ವಾರಪತ್ರಿಕೆಯೊಂದಕ್ಕೆ ತಾನೇ ಒಡೆಯನಾದನು. 1846ರ ಜನವರಿಯಲ್ಲಿ ಅದು ನಿಂತಿತು. ಹೋಟೆಲಿನ ಗಲ್ಲಾ ಬಿಟ್ಟು ಪತ್ರಿಕೆಗೆ ಕೈಹಾಕಿದ ನಮಗೆ ಈ ಸಂಕಟವನ್ನು ಯಾರೂ ವಿವರಿಸಬೇಕಾಗಿಲ್ಲ.

ಹೆಂಡತಿ ವರ್ಜೀನಿಯಾಳಿಗೆ ಕ್ಷಯ. ಚಳಿಗಾಲದಲ್ಲಿ ಹುಲ್ಲಿನ ಹಾಸಿಗೆಯ ಮೇಲೆ ಆಕೆಗೆ ಹೊದಿಕೆಯಾದುದು ಗಂಡನ ಹಳೆಯ ಕೋಟು. ಎದೆಯ ಮೇಲೆ ಮಲಗಿದ ಸಾಕುಬೆಕ್ಕೇ ಬಿಸುಪು. ಕಣ್ಣಾರೆ ಕಂಡವರು ಇದನ್ನು ಬರೆದಿಟ್ಟಿದ್ದಾರೆ. 1847ರ ಜನವರಿ 30ರಂದು, ಇಪ್ಪತ್ತನಾಲ್ಕರ ಪ್ರಾಯದಲ್ಲಿ, ಆಕೆ ತೀರಿಕೊಂಡಳು.

1849ರ ಅಕ್ಟೋಬರ್ 3ರಂದು ಬಾಲ್ಟಿಮೋರಿನ ಹೆಂಡದಂಗಡಿಯೊಂದರ ಬಳಿ ಪೋ ಮೈಮೇಲೆ ಎಚ್ಚರವಿಲ್ಲದೆ, ಪರರ ಬಟ್ಟೆಯಲ್ಲಿ ಸಿಕ್ಕಿದನು. ನಾಲ್ಕು ದಿನಗಳ ತರುವಾಯ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. ಕಾರಣ ಇಂದಿಗೂ ಇತ್ಯರ್ಥವಾಗಿಲ್ಲ.

ಎರಡೇ ದಿನಗಳಲ್ಲಿ ಗ್ರಿಸ್ವಾಲ್ಡ್ ಎಂಬ ಹಗೆಯು ಸುಳ್ಳು ಹೆಸರಿನಿಂದ ಪತ್ರಿಕೆಯಲ್ಲಿ ಆತನನ್ನು ಹಳಿದನು. ಅಷ್ಟಕ್ಕೇ ಬಿಡದೆ, ಮರುವರ್ಷ ಪೋನ ಕೃತಿಗಳನ್ನು ಅಚ್ಚುಹಾಕಿಸುವಾಗ ಆತನ ಕಾಗದಗಳನ್ನೇ ತಿದ್ದಿ ಪ್ರಕಟಿಸಿದನು. ಪೋ ಹುಚ್ಚು ಕುಡುಕನೆಂಬ ಮಾತನ್ನು ಜಗತ್ತು ಬಹುಕಾಲ ನಂಬಿತು. ಕುಡಿತವಿದ್ದುದು ನಿಜ, ಉಳಿದುದರಲ್ಲಿ ಹೆಚ್ಚಿನದು ಕಟ್ಟುಕಥೆ. ಆ ಕಾಗದಗಳ ಮೋಸವನ್ನು ಆರ್ಥರ್ ಕ್ವಿನ್ ಎಂಬ ವಿದ್ವಾಂಸರು ಸಂಪೂರ್ಣವಾಗಿ ಬಯಲಿಗೆಳೆದುದು 1941ರಲ್ಲಿ.